ಮಿಲಿಂದ ಮನೆಗೆ ಕಟ್ಟಿದ ಕಂಪ್ಯೂಟರ್

ಹೈದರಾಬಾದಿನ ಅಂಗಡಿಯೊಂದರಲ್ಲಿ ಮಿಲಿಂದ ಹದಿನೆಂಟು ವರ್ಷಗಳಿಂದ ಕಂಪ್ಯೂಟರ್ ಜೋಡಿಸುತ್ತಿದ್ದಾನೆ. ದೀಪ ಮಿನುಗುವ ಹೊರಡಬ್ಬಕ್ಕೆ ದುಡ್ಡು ಸುರಿಯಬೇಡಿ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ ಎಂದು ಗಿರಾಕಿಗಳಿಗೆ ಹಿಂದಿಯಲ್ಲೂ ತೆಲುಗಿನಲ್ಲೂ ಹೇಳಿ ಹೇಳಿ ಸೋತಿದ್ದಾನೆ. ಗಚ್ಚಿಬೌಲಿಯ ಐಟಿ ಮಂದಿ ತಲೆಯಾಡಿಸಿ ದೀಪದ ಡಬ್ಬವನ್ನೇ ಒಯ್ಯುತ್ತಾರೆ.

ಈ ದೀಪಾವಳಿಗೆ ಮಗಳು ದೀಪಾಲಿ ಗೇಮ್ ಆಡಲೆಂದು ತಾನೇ ಒಂದನ್ನು ಕಟ್ಟಿದ. ಬೋನಸ್ಸನ್ನೆಲ್ಲ ಸುರಿದು, ಅಗ್ಗದ ಡಬ್ಬದೊಳಗೆ ಒಳ್ಳೆಯ ಕಾರ್ಡ್ ಕೂರಿಸಿದ. ಅಂಗಡಿಯಲ್ಲೇ ಪರೀಕ್ಷಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದ. ಸ್ವಿಚ್ ಒತ್ತಿದಾಗ ಒಳಗಿನ ಫ್ಯಾನ್ ತಿರುಗಿತು.

"ಪಪ್ಪಾ, ಎಲ್ಲಿ ನೋಡೋದು?" ಎಂದಳು ದೀಪಾಲಿ.

ಅಂಗಡಿಯ ಮೇಜಿನ ಮೇಲೆ ಮಾನಿಟರ್ ಸದಾ ಇರುತ್ತದೆ. ಅದನ್ನೂ ಕೊಳ್ಳಬೇಕೆಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಮಿಲಿಂದ ಡಬ್ಬದ ಫ್ಯಾನಿನ ಎದುರಿಗೇ ನೆಲಕ್ಕೆ ಕುಳಿತ.

"ಗಾಳಿ ಬರಾಕತ್ತೈತಿ. ಬಾ, ಕೂಡು."