ಆಕ್ಸಿಜನ್ ಸೆನ್ಸರಿಗೆ ತೆಂಗಿನೆಣ್ಣೆ

ಗೆಳೆಯರೇ, ಇಂದು ನಮ್ಮ ಬೈಕಿನ ಹೊಗೆಗೆ ಸೋಮನೂರಿನ ನಮ್ಮ ನೇಕಾರರ ಬೀದಿಯವರಿಗೆಲ್ಲ ಹಸಿವಾಯಿತು.

ಅದು ತೀರಿಹೋದ ಅಣ್ಣನ ಬೈಕು. ಕರಿಹೊಗೆ ಉಗುಳುತ್ತಿತ್ತು. ಇವತ್ತು ಸರಿಹೋಗದಿದ್ದರೆ ನಾಳೆ ಮಾರುವುದೆಂದು ಅಪ್ಪ ಹೇಳಿಬಿಟ್ಟಿದ್ದರು. ಉಕ್ಕಡದ ಗುಜರಿ ಪೇಟೆಯಿಂದ ಅಣ್ಣ ತಂದಿಟ್ಟಿದ್ದ ಆಕ್ಸಿಜನ್ ಸೆನ್ಸರನ್ನು ಸೈಲೆನ್ಸರಿಗೆ ಸೇರಿಸಿ, ಅದರ ವೈರಿಗೆ ಮೀಟರು ಜೋಡಿಸಿದೆ. ಈ ಸೆನ್ಸರಿಗೆ ಬರುವುದು ಎರಡೇ ಮಾತು: ಅರ್ಧ ವೋಲ್ಟಿಗಿಂತ ಮೇಲೆ ತೋರಿಸಿದರೆ ಪೆಟ್ರೋಲು ಹೆಚ್ಚು, ಕೆಳಗೆ ತೋರಿಸಿದರೆ ಕಡಿಮೆ.

ಮೀಟರು ಮೇಲೆಯೇ ಕೂತುಬಿಟ್ಟಿತು. ನಾನು ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲು ಕಡಿಮೆ ಮಾಡುತ್ತಲೇ ಹೋದೆ. ಎಂಜಿನ್ ಕೆಮ್ಮತೊಡಗಿತು. ಎದುರುಮನೆಯ ಅಕ್ಕ ಮೂಗೆತ್ತಿ, "ಎನ್ನ ತಂಬಿ, ಇನ್ನಿಕ್ಕು ಬಜ್ಜಿಯಾ?" ಎಂದು ತಮಿಳಿನಲ್ಲಿ ಕೇಳಿದರು, ಇವತ್ತು ಬಜ್ಜಿಯಾ ಎಂದು.

ಆಗ ಅಮ್ಮ ತಣ್ಣಗೆ ಹೇಳಿದಳು: "ತುಕ್ಕು ಹಿಡೀತದೆ ಅಂತ ಅದನ್ನ ತೆಂಗಿನೆಣ್ಣೇಲಿ ನೆನೆ ಹಾಕಿದ್ದೆ, ನನ್ನ ಕಣ್ಣು. ಮಗ್ಗದ ಶೆಡ್ಡಲ್ಲಿ ಎಣ್ಣೆ ಕಾಣದ ಕಬ್ಬಿಣ ಉಂಟಾ?"

"ಅಮ್ಮಾ, ಅದು ಹೊಗೆ ಮೂಸಿ ನೋಡೋ ಸಾಮಾನು! ಎಣ್ಣೆ ಹೊಗೇನೇ ಪೆಟ್ರೋಲು ಅಂದ್ಕೊಂಡಿದೆ!"

"ನಾ ಎಣ್ಣೆ ಹಚ್ಚಿದ್ರೆ ನಿಮ್ಮಣ್ಣ ಒಂದ್ ದಿನಾನೂ ಬೇಡ ಅನ್ನಲಿಲ್ಲ. ನೀನೊಬ್ಬ ಬಂದ್ಬಿಟ್ಟೆ, ಪೆರಿಯ ಮೆಕ್ಯಾನಿಕ್ಕು."

ಸೆನ್ಸರನ್ನು ಬಿಚ್ಚಿ ಒರೆಸಿ ಮತ್ತೆ ಸೇರಿಸಿ, ಉಳಿದ ಎಣ್ಣೆ ಉರಿದುಹೋಗುವ ತನಕ ಎಂಜಿನ್ ಓಡಿಸಿ, ಸ್ಕ್ರೂ ಹೊಸದಾಗಿ ಹೊಂದಿಸಿದೆ. ಮೀಟರು ಅರ್ಧ ವೋಲ್ಟಿನ ಆಚೀಚೆ ಕುಣಿಯಿತು. ಕರಿಹೊಗೆ ನಿಂತಿತು. ಅಪ್ಪ ಬೈಕಿನಲ್ಲಿ ಬೀದಿಯ ಕೊನೆಯವರೆಗೆ ಹೋಗಿಬಂದು, ಕೀಲಿಯನ್ನು ನನ್ನ ಕೈಗಿಟ್ಟರು.

ಅಣ್ಣ ಬೇಡ ಅನ್ನದೆ ಪ್ರತಿಸಲವೂ ಸದ್ದಿಲ್ಲದೆ ಎಣ್ಣೆ ಒರೆಸಿಕೊಳ್ಳುತ್ತಿದ್ದನೆಂದು ನನಗೆ ಇಂದು ತಿಳಿಯಿತು. ನಾನು ಬಾಯಿ ಬಿಟ್ಟು ಕೆಟ್ಟೆ. ಈಗ ಅಮ್ಮ, ಮೀಟರಿಗಾದರೂ ಹಾಕಬಹುದೇ ಎಂದು ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಾಳೆ.