ಫೌಂಡೇಶನ್ ಸೀಟಿಗೆ ಅಮ್ಮನ ಇಂಟರ್‌ವ್ಯೂ

“ಮೇಡಂ, ನೀವೂ ಅಪ್ಲೈ ಮಾಡಿದ್ದೀರಾ?”

ಹೀಗೆ ಕೇಳಿದವರು ಒಬ್ಬ ಒಮಾನಿ ಲೇಡಿ ಡಾಕ್ಟರ್. ಕಪ್ಪು ಅಬಾಯಾ, ಮೆಲುದನಿ, ನಗುತ್ತಿದ್ದಾರೋ ಇಲ್ಲವೋ ಎಂದು ಹೇಳಲಾಗದ ಮುಖ. ಕೇಳಿದ್ದು ನನ್ನನ್ನು. ಪಕ್ಕದ ಕುರ್ಚಿಯಲ್ಲಿದ್ದ ನನ್ನ ಮಗಳು ಮಾನಸಿ ತನ್ನ ಶೂ ನೋಡಿಕೊಳ್ಳುತ್ತಿದ್ದಳು. ಮೆಡಿಕಲ್ ಕಾಲೇಜಿನ ಇಂಟರ್‌ವ್ಯೂ ಇದ್ದದ್ದು ಅವಳಿಗೆ. ಅಲ್ಲಿಯತನಕ ಬಂದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಿದ್ದು ನಾನು.

ನಗಬೇಡಿ. ನನ್ನ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ. ನಮ್ಮವರಲ್ಲಿ ಮಕ್ಕಳನ್ನು ಅವರ ಪಾಡಿಗೆ ಮಾತಾಡಲು ಬಿಟ್ಟವರು ಯಾರಿದ್ದಾರೆ ಹೇಳಿ? ಕ್ಲಿನಿಕ್‌ಗೆ ಹೋದರೆ ಹೊಟ್ಟೆನೋವು ಅವರದು, ಎಲ್ಲಿ ನೋವು ಅಂತ ಹೇಳುವುದು ನಾವು. ರೆಸಿಡೆಂಟ್ ಕಾರ್ಡ್ ಮಾಡಿಸಲು ಹೋದರೆ ಬೆರಳಚ್ಚು ಅವರದು, ಹೆಸರು ಹೇಳುವುದು ನಾವು. ಹೋಟೆಲ್ಲಿನಲ್ಲಿ ದೋಸೆ ತಿನ್ನುವುದು ಅವರು, ಈರುಳ್ಳಿ ಹಾಕಬೇಡಿ ಅನ್ನುವುದು ನಾವು. ಹಾಗೆಯೇ ಇಂಟರ್‌ವ್ಯೂ ರೂಮಿಗೂ ಹೋಗಿ ಕೂತಿದ್ದೆ. ಅದರಲ್ಲೇನು ತಪ್ಪು ಅಂತ ನನಗೆ ಆಗ ಹೊಳೆದಿರಲೇ ಇಲ್ಲ.

ಮೊದಲಿನಿಂದ ಹೇಳುತ್ತೇನೆ. ಹೇಳುತ್ತಾ ಹೋದರೆ ನನಗಾದರೂ ಏನಾದರೂ ಅರ್ಥವಾದೀತು ಎಂಬ ಆಸೆ.

ನಮ್ಮದು ಮಸ್ಕತ್ತಿನ ಅಲ್ ಖೌದ್‌ನಲ್ಲಿ ಮನೆ. ದೊಡ್ಡ ಯೂನಿವರ್ಸಿಟಿಯೊಂದು ಹತ್ತಿರದಲ್ಲೇ ಇದೆ. ಸಂಜೆ ಕೆಳಗೆ ಕಾಫಿ ಶಾಪಿಗೆ ಇಳಿದರೆ ಬಿಳಿ ಕೋಟು ತೋಳಿಗೆ ಹಾಕಿಕೊಂಡು ಕರಕ್ ಚಹಾ ಕುಡಿಯುವ ಹುಡುಗ ಹುಡುಗಿಯರು ಕಾಣುತ್ತಾರೆ. ಅವರನ್ನು ನೋಡಿದಾಗಲೆಲ್ಲ ನಾನು ಮಾನಸಿಯ ಕಡೆ ನೋಡುತ್ತಿದ್ದೆ. ಅವಳು ಮೊಬೈಲ್ ನೋಡುತ್ತಿದ್ದಳು.

ಅವಳು ಡಾಕ್ಟರ್ ಆಗುತ್ತಾಳೆ ಎನ್ನುವುದು ನಮ್ಮ ಮನೆಯಲ್ಲಿ ಯಾವತ್ತೋ ತೀರ್ಮಾನವಾಗಿ ಹೋದ ವಿಷಯ. ಅದಕ್ಕೆ ಪುರಾವೆಯೂ ಇತ್ತು. ಎದುರು ಫ್ಲಾಟಿನ ಜುಬೇದಕ್ಕನ ಮಗಳು ಸನಾ ಮತ್ತು ಇವಳು ಒಟ್ಟಿಗೆ ಬೆಳೆದವರು. ಚಿಕ್ಕವರಿದ್ದಾಗ ಇವಳು ದುಪ್ಪಟ್ಟಾ ಹರಿದು ಗೊಂಬೆಗಳಿಗೆಲ್ಲ ಬ್ಯಾಂಡೇಜ್ ಕಟ್ಟುತ್ತಿದ್ದಳು. ಈ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಮೈಸೂರಿನಲ್ಲಿರುವ ನಮ್ಮತ್ತೆ ಅದನ್ನು ಅವರ ವಠಾರದವರಿಗೆಲ್ಲ ಹೇಳಿದ್ದಾರೆ. (ಅವರು ಹೇಳುವಾಗ ಗೊಂಬೆಯ ಜೊತೆ ಒಂದು ಗಾಯಗೊಂಡ ಪಾರಿವಾಳವೂ ಸೇರಿಕೊಳ್ಳುತ್ತದೆ.)

ಇದೇ ಕಥೆಯನ್ನು ನಂಬಿ ನನ್ನಣ್ಣ ಒಂದು ಸ್ಟೆತಾಸ್ಕೋಪ್ ಕಳಿಸಿದ. ಅಣ್ಣನದು ಮೈಸೂರಿನಲ್ಲಿ ಮೆಡಿಕಲ್ ಶಾಪ್. ಊರಿಂದ ಬರುವವರು ಯಾರೇ ಸಿಕ್ಕಲಿ, ಅವರ ಬ್ಯಾಗಿನಲ್ಲಿ ನಮ್ಮದೊಂದು ಗಂಟು ತುರುಕುವುದು ನಮ್ಮ ಪದ್ಧತಿ ತಾನೆ? ಹಾಗೆ ಹುಳಿಪುಡಿ, ಚಟ್ನಿಪುಡಿಗಳ ನಡುವೆ ಮಲಗಿಕೊಂಡು ಸ್ಟೆತಾಸ್ಕೋಪ್ ಮಸ್ಕತ್ತಿಗೆ ಬಂತು. ಇವತ್ತಿಗೂ ಮೂಗಿನ ಹತ್ತಿರ ಹಿಡಿದರೆ ಇಂಗಿನ ವಾಸನೆ ಬರುತ್ತದೆ. ಆಗಿನ್ನೂ ಅವಳ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಶುರುವೇ ಆಗಿರಲಿಲ್ಲ.

ನಮ್ಮ ಬಿಲ್ಡಿಂಗಿನವರಿಗಂತೂ ಹಬ್ಬ. ಶುಕ್ರವಾರ ಊಟಕ್ಕೆ ಬಂದವರೆಲ್ಲ ಅವಳ ಮುಂದೆ ಎದೆ ಒಡ್ಡಿ ಕೂರುವವರೇ. “ನನ್ನ ಹಾರ್ಟ್ ಸರಿ ಇದೆಯಾ ನೋಡಮ್ಮ ಡಾಕ್ಟ್ರೇ.” ಅವಳೂ ಗಂಭೀರವಾಗಿ ಕೇಳಿಸಿಕೊಂಡು “ಓಕೆ ಅಂಕಲ್” ಅನ್ನುತ್ತಿದ್ದಳು.

ಆಮೇಲೆ ರಿಸಲ್ಟ್ ಬಂತು.

ಕೆಮಿಸ್ಟ್ರಿಯಲ್ಲಿ ಐವತ್ತೆಂಟು. ಬಯಾಲಜಿ ಅರವತ್ತರ ಹೊಸ್ತಿಲಲ್ಲೇ ಎಡವಿ ನಿಂತಿತ್ತು. ಇಂಗ್ಲಿಷ್ ಮಾತ್ರ ಭರ್ಜರಿ, ಅದನ್ನಿಟ್ಟುಕೊಂಡು ಯಾರ ಜ್ವರ ಇಳಿಸುವುದು? ನೀಟ್‌ನಲ್ಲೂ ಪಾಸೇನೋ ಆದಳು, ಸೀಟು ಸಿಗುವಷ್ಟು ಅಲ್ಲ. ಎಲ್ಲಿ ತಪ್ಪಿತು? ನನಗೆ ಇವತ್ತಿಗೂ ಗೊತ್ತಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ವರ್ಷವಿಡೀ ಓದಿದ್ದಳು. ಓದುತ್ತಿದ್ದಾಳೆ ಅಂತ ನಾವು ಟಿವಿ ಸೌಂಡನ್ನೂ ಜೋರು ಮಾಡುತ್ತಿರಲಿಲ್ಲ.

ಅವತ್ತು ನಾನು ಅಡುಗೆಮನೆಯಲ್ಲಿದ್ದೆ. ಅವಳು ಬಂದು ಮಾರ್ಕ್ಸ್ ಹೇಳಿದಳು. “ಇಟ್ಸ್ ಓಕೆ ಪುಟ್ಟಾ, ಏನೂ ಆಗಲ್ಲ” ಅಂದೆ. ನಗುತ್ತಲೇ ಅಂದೆ. ಅವಳು ಒಳಗೆ ಹೋಗಿ ಸ್ಟೆತಾಸ್ಕೋಪ್ ತಂದು ನನ್ನ ಎದೆಗಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. “ಓಕೆ” ಅಂತ ಹೇಳಿ ರೂಮಿಗೆ ಹೋದಳು. ಸದ್ಯ, ತಮಾಷೆ ಮಾಡುವಷ್ಟು ಧೈರ್ಯವಾಗಿದ್ದಾಳಲ್ಲ ಎಂದು ನಾನು ಸಾರಿಗೆ ಒಗ್ಗರಣೆ ಹಾಕಿದೆ.

ಇಲ್ಲಿನ ಒಂದು ಖಾಸಗಿ ಮೆಡಿಕಲ್ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿದೆ. ಈ ಮಾರ್ಕ್ಸಿಗೆ ನೇರವಾಗಿ ಮೊದಲ ವರ್ಷಕ್ಕೆ ಸೀಟಿಲ್ಲ. ಫೌಂಡೇಶನ್ ಇಯರ್‌ಗೆ ಬೇಕಾದರೆ ಅರ್ಜಿ ಹಾಕಬಹುದು, ಅದಕ್ಕೂ ಇಂಟರ್‌ವ್ಯೂ ಇದೆ. ಒಂದು ವರ್ಷ ಮತ್ತೆ ಬಯಾಲಜಿ, ಮತ್ತೆ ಕೆಮಿಸ್ಟ್ರಿ. ಗ್ರೇಡ್ ಚೆನ್ನಾಗಿ ಬಂದರೆ ಮೆಡಿಸಿನ್. ಬರದಿದ್ದರೆ ಬೇರೆ ಕೋರ್ಸು ನೋಡಿಕೊಳ್ಳಬೇಕು, ಆ ವರ್ಷ ಹೋದ ಹಾಗೆಯೇ.

ನಮ್ಮವರು ಸಿವಿಲ್ ಇಂಜಿನಿಯರ್. ಅಲ್ ಅಮೇರಾತ್ ಕಡೆ ಸೈಟಿನಲ್ಲಿ ಕೆಲಸ. ಸಂಜೆ ಧೂಳಿನ ಶೂ ಬಿಚ್ಚುತ್ತಾ ಎಲ್ಲ ಕೇಳಿಸಿಕೊಂಡರು.

“ಹನ್ನೆರಡು ಫ್ಲೋರ್ ಎದ್ದಮೇಲೆ ಫೌಂಡೇಶನ್ ಹಾಕ್ತಾರಂತಾ? ಇಂಥ ಡ್ರಾಯಿಂಗ್ ನಾನು ನೋಡೇ ಇಲ್ಲ ಕಣೇ.”

“ತಮಾಷೆ ಬಿಡಿ. ಹಾಕೋಣವೋ ಬೇಡವೋ?”

“ನೀನೇನಂತೀಯ?”

“ನನಗೆ ಗೊತ್ತಿದ್ದಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ?”

ಅಣ್ಣ ಫೋನಿನಲ್ಲಿ, “ಒಂದು ವರ್ಷ ಡ್ರಾಪ್ ಮಾಡಿಸಿ ಮೈಸೂರಿಗೆ ಕಳಿಸು, ಕೋಚಿಂಗ್‌ಗೆ ಸೇರಿಸೋಣ” ಅಂದ. ನನ್ನ ಆಫೀಸಿನ ಕಲೀಗ್ ನರ್ಸಿಂಗ್ ಒಳ್ಳೆಯದು ಅಂದಳು. ಅತ್ತೆಯ ಪ್ರಶ್ನೆ ಒಂದೇ: “ಸೀಟು ಸಿಕ್ತು ಅಂತ ಹೇಳ್ಲೋ ಬೇಡ್ವೋ? ಜನ ಕೇಳ್ತಾರೆ.” ಪ್ರತಿಯೊಬ್ಬರು ಹೇಳಿದ್ದೂ ನನಗೆ ಸರಿ ಎನಿಸುತ್ತಿತ್ತು. ಬೆಳಿಗ್ಗೆ ಕೋಚಿಂಗ್ ಅಂತಿದ್ದವಳು ಮಧ್ಯಾಹ್ನ ನರ್ಸಿಂಗ್, ಸಂಜೆ ಫೌಂಡೇಶನ್. ತಲೆ ಕೆಟ್ಟು ಹೋಗಿತ್ತು.

ಜುಬೇದಕ್ಕ ಬಂಟ್ವಾಳದ ಕಡೆಯವರು. ಅವರ ಮುಂದೆ ಗೋಳು ತೋಡಿಕೊಂಡೆ.

“ಎಂತ ಮಾರಾಯ್ತಿ, ಇಷ್ಟು ಮಂಡೆಬಿಸಿ ಮಾಡ್ಲಿಕ್ಕೆ ಎಂತ ಉಂಟು? ಮಗಳತ್ರ ಕೇಳಿದ್ಯಾ?”

“ಕೇಳದೇ ಇರ್ತೀನಾ ಜುಬೇದಕ್ಕ? ‘ಯು ಡಿಸೈಡ್ ಅಮ್ಮ’ ಅಂತಾಳೆ.”

“ಹಾಗಾದ್ರೆ ನೀನೇ ಹೋಗಿ ಓದು, ಖಲಾಸ್!”

ಎಷ್ಟು ದೂರಾಲೋಚನೆಯ ಮಾತು ಅಂತ ಆಗ ಗೊತ್ತಾಗಲಿಲ್ಲ. ಅರ್ಜಿ ಹಾಕಿದೆವು.

ಹೀಗೆ ಆ ರೂಮಿಗೆ ಬಂದೆವು. (ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.) ಯಾವ ಸ್ಕೂಲು ಎಂದು ಕೇಳಿದರು, ನಾನು ಹೇಳಿದೆ. ಕೆಮಿಸ್ಟ್ರಿಯಲ್ಲಿ ಯಾಕೆ ಹೀಗಾಯಿತು ಎಂದರು. ಅವತ್ತು ನೆಗಡಿಯಿತ್ತು ಅಂದೆ. (ನೆಗಡಿ ಇದ್ದದ್ದು ನಿಜ. ಐವತ್ತೆಂಟಕ್ಕೆ ಇಳಿಸುವಷ್ಟು ಇರಲಿಲ್ಲ.) ಆಗಲೇ ಆ ಪ್ರಶ್ನೆ ಬಂದದ್ದು, ನೀವೂ ಅಪ್ಲೈ ಮಾಡಿದ್ದೀರಾ ಅಂತ.

ನಾನು ಹಲ್ಲು ಕಿರಿದು “ಸಾರಿ ಡಾಕ್ಟರ್” ಅಂದೆ. ಅವರು ಮಾನಸಿಯ ಕಡೆ ತಿರುಗಿದರು. “ಡಾಕ್ಟರ್ ಆಗಬೇಕು ಅಂತ ನಿನಗೆ ಯಾವಾಗ ಅನ್ನಿಸಿತು?”

ಇವಳು ಮತ್ತೆ ಶೂ ನೋಡತೊಡಗಿದಳು. ಅಯ್ಯೋ, ಇಷ್ಟು ಸುಲಭದ ಪ್ರಶ್ನೆ! ತಡೆದುಕೊಳ್ಳುವುದು ಹೇಗೆ? ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು.

“ಚಿಕ್ಕಂದಿನಿಂದಲೇ ಡಾಕ್ಟರ್. ಗೊಂಬೆಗಳಿಗೆಲ್ಲ ಬ್ಯಾಂಡೇಜ್ ಕಟ್ಟುತ್ತಿದ್ದಳು.”

ಮಾನಸಿ ನನ್ನ ಕಡೆ ತಿರುಗಿದಳು. ಕನ್ನಡದಲ್ಲೇ ಹೇಳಿದಳು. “ಅಮ್ಮ, ಅದು ನಾನಲ್ಲ. ಅದು ಸನಾ.”

“ಏನು?”

“ಡಾಕ್ಟರ್ ಆಗ್ತಿದ್ದಿದ್ದು ಸನಾ. ನಾನು ಪೇಷೆಂಟ್. ಯಾವಾಗ್ಲೂ ನಾನೇ ಪೇಷೆಂಟ್.”

ಡಾಕ್ಟರ್ ಏನೆಂದು ಕೇಳಿದರು. ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಆ ಮುಖ ನಗುವುದು ಹೌದು ಎಂದು ಆಗ ಖಾತ್ರಿಯಾಯಿತು. ನನಗೆ ಮಾತ್ರ ಕೂತ ಕುರ್ಚಿಯೇ ಜರುಗಿದ ಹಾಗಾಯಿತು. ಇಷ್ಟು ವರ್ಷ ಇಟ್ಟುಕೊಂಡ ಒಂದೇ ಒಂದು ಪುರಾವೆ, ಅದೂ ಎದುರು ಮನೆಯದು! ಸನಾ ಈಗ ಇಂಟೀರಿಯರ್ ಡಿಸೈನ್ ಓದುತ್ತಿದ್ದಾಳೆ. ರಕ್ತ ಕಂಡರೆ ಅವಳಿಗೆ ತಲೆ ಸುತ್ತು ಬರುತ್ತದೆ.

“ಹಾಗಾದರೆ ಇಲ್ಲಿಗೆ ಯಾಕೆ ಬಂದೆ?” ಎಂದರು ಡಾಕ್ಟರ್.

ಮಾನಸಿ ನಿಧಾನವಾಗಿ ಹೇಳಿದಳು. “ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಮಾವ ಒಂದು ಸ್ಟೆತಾಸ್ಕೋಪ್ ಕಳಿಸಿದ. ಅದನ್ನು ಎದೆಗಿಟ್ಟರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ದೊಡ್ಡ ದೊಡ್ಡ ಅಂಕಲ್‌ಗಳು ಕೂಡ ಉಸಿರು ಹಿಡಿದು, ಸ್ವಲ್ಪ ಹೆದರಿ, ನಾನು ಏನು ಹೇಳುತ್ತೇನೋ ಅಂತ ಕಾಯುತ್ತಾರೆ. ಅವರ ತಮಾಷೆಯ ಒಳಗೆ ಹೆದರಿಕೆ ಇದೆ ಅಂತ ನನಗೆ ಆವಾಗ ಗೊತ್ತಾಯಿತು. ಅದು ನನಗೆ ಇಷ್ಟವಾಯಿತು. ಡಾಕ್ಟರ್ ಆಗಲು ಇಷ್ಟು ಸಾಕಾ ಅಂತ ಗೊತ್ತಿಲ್ಲ. ಅದನ್ನು ತಿಳಿದುಕೊಳ್ಳುವುದಕ್ಕೇ ಒಂದು ವರ್ಷ ಬೇಕು.”

ಅವಳು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ನಾನು ಯಾವಾಗ ಕೇಳಿದ್ದೆ?

ಡಾಕ್ಟರ್ ಏನೋ ಬರೆದುಕೊಂಡರು. ಆಮೇಲೆ, “ಈಗ ಅಮ್ಮನಿಗೆ ಒಂದು ಪ್ರಶ್ನೆ. ಇಲ್ಲೂ ಗ್ರೇಡ್ ಬರಲಿಲ್ಲ ಎಂದುಕೊಳ್ಳಿ. ಏನು ಮಾಡುತ್ತೀರಿ?”

ನೋಡಿ, ನನಗೇ ಅಂತ ಕೇಳಿದ ಪ್ರಶ್ನೆ ಅದೊಂದೇ. ಅದೊಂದಕ್ಕೇ ನನ್ನ ಹತ್ತಿರ ಉತ್ತರವಿರಲಿಲ್ಲ. ಪರವಾಗಿಲ್ಲ ಎನ್ನಲು ಹೊರಟು, ಪರ್ಸಿನ ಜಿಪ್ ಎಳೆಯುತ್ತಾ ಕೂತೆ.

ನನ್ನ ಪರವಾಗಿ ಮಾನಸಿ ಉತ್ತರಿಸಿದಳು. “ಅಮ್ಮ ಇಟ್ಸ್ ಓಕೆ ಅಂತಾಳೆ. ರಿಸಲ್ಟ್ ದಿನಾನೂ ಹಾಗೇ ಅಂದಳು. ನಾನು ಸ್ಟೆತಾಸ್ಕೋಪ್ ಇಟ್ಟು ನೋಡಿದೆ. ಓಕೆ ಇರಲಿಲ್ಲ. ತುಂಬಾ ಫಾಸ್ಟ್ ಇತ್ತು.”

ಅವತ್ತು ಅದು ತಮಾಷೆ ಅಲ್ಲವಾ ಹಾಗಾದರೆ? ಕಣ್ಣು ತುಂಬಿ ಬಂತು. ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಬೇಡಿ, ಅದೂ ನನಗೆ ಗೊತ್ತಿಲ್ಲ.

“ನನ್ನ ಒಪಿಡಿಗೆ ಬರುವ ಅಮ್ಮಂದಿರೂ ಹೀಗೆಯೇ. ಮಗುವನ್ನು ಕೇಳಿದರೆ ತಾವೇ ಉತ್ತರ ಹೇಳುತ್ತಾರೆ” ಎಂದು ಡಾಕ್ಟರ್ ಬಾಗಿಲು ತೋರಿಸಿದರು. “ನೀವು ಸ್ವಲ್ಪ ಹೊರಗೆ ಕೂತಿರಿ.”

ಹೊರಗೆ ಕೂತೆ. ಒಳಗಿನಿಂದ ಇಬ್ಬರೂ ನಕ್ಕ ಸದ್ದು ಕೇಳಿತು. ಏನು ಮಾತಾಡಿದರೋ, ಮಾನಸಿ ಇವತ್ತಿಗೂ ಹೇಳಿಲ್ಲ. ಕಾರಿನಲ್ಲಿ ಎಷ್ಟು ಪೀಡಿಸಿದರೂ “ನಥಿಂಗ್ ಅಮ್ಮ” ಅಷ್ಟೆ.

ಮನೆಗೆ ಬಂದವಳು ಸೀದಾ ಎದುರು ಮನೆ ಬಾಗಿಲು ಬಡಿದೆ. ಜುಬೇದಕ್ಕ ಬಿದ್ದು ಬಿದ್ದು ನಕ್ಕರು.

“ಹೌದಲ್ಲ! ನನ್ನ ದುಪ್ಪಟ್ಟವನ್ನೆಲ್ಲ ಹರಿದು ಹಾಕಿದ್ದು ನಮ್ಮ ಸನಾ. ನಿನ್ನ ಮಗಳು ಮಲಗಿ ನರಳ್ತಾ ಇದ್ಲು. ಎಂಥ ಆಕ್ಟಿಂಗ್ ಅಂತಿ!”

“ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀವು?”

“ನೀನು ಅಷ್ಟು ಖುಷಿಯಲ್ಲಿ ಹೇಳ್ತಿದ್ದಿ. ನಾನೆಂತ ಹೇಳ್ಲಿಕ್ಕೆ?”

ಫೌಂಡೇಶನ್‌ಗೆ ಸೀಟು ಸಿಕ್ಕಿತು. ಗ್ರೇಡ್ ಬರಲೇಬೇಕು ಎಂಬ ಕಂಡೀಷನ್ ಅದರ ಬೆನ್ನಿಗೇ ಇದೆ. “ಡೌಟ್ ಕ್ಲಿಯರ್ ಮಾಡ್ಕೊಳ್ಳೋಕೆ ಒಂದು ವರ್ಷಾನಾ?” ಎಂದು ನಮ್ಮವರು ಗೊಣಗಿದರು, ಆದರೂ ಬ್ಯಾಗು ಕೊಡಿಸಲು ಅವರೇ ಕರೆದುಕೊಂಡು ಹೋದರು. ಅತ್ತೆ ವಠಾರಕ್ಕೆಲ್ಲ ಡಾಕ್ಟರ್ ಸೀಟು ಎಂದೇ ಹೇಳಿಯಾಗಿದೆ. ಮೊದಲ ಟೆಸ್ಟಿನಲ್ಲಿ ಕೆಮಿಸ್ಟ್ರಿಗೆ ಸಿ ಬಂದಿದೆ. ಬಯಾಲಜಿಗೆ ಬಿ ಪ್ಲಸ್. ಇದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ? ಕೇಳಿದರೆ ಅವಳು “ಲೆಟ್ಸ್ ಸೀ” ಅನ್ನುತ್ತಾಳೆ. ನಾನು ಇಟ್ಸ್ ಓಕೆ ಅನ್ನುವುದನ್ನು ಬಿಟ್ಟಿದ್ದೇನೆ. “ಭಯ ಆಗ್ತಿದೆ ಕಣೇ” ಅಂತ ನೇರವಾಗಿ ಹೇಳಿಬಿಟ್ಟೆ. “ಮೀ ಟೂ” ಅಂದು ನನ್ನ ತಟ್ಟೆಯಿಂದ ಹಪ್ಪಳ ಎತ್ತಿಕೊಂಡಳು.

ಹೋದ ವಾರ ಅವಳಿಗೆ ಜ್ವರ. ಕ್ಲಿನಿಕ್‌ಗೆ ಹೋದೆವು. ಯಾವಾಗಿನಿಂದ ಎಂದು ಡಾಕ್ಟರ್ ಕೇಳಿದರು. ನನ್ನ ಬಾಯಿ ತೆರೆಯಿತು. ಕಷ್ಟಪಟ್ಟು ಮುಚ್ಚಿಕೊಂಡೆ. ಅವಳು ಹೇಳಿದ್ದು ಕೇಳಿದರೆ, ನಾನು ಹೇಳಬೇಕೆಂದುಕೊಂಡಿದ್ದ ದಿನಕ್ಕೂ ಅವಳಿಗೆ ಜ್ವರ ಶುರುವಾದ ದಿನಕ್ಕೂ ಸಂಬಂಧವೇ ಇರಲಿಲ್ಲ.

ಅದಕ್ಕೇ ನಿಮ್ಮನ್ನೂ ಒಂದು ಮಾತು ಕೇಳಿಬಿಡುತ್ತೇನೆ: ನಿಮ್ಮ ಮನೆಯಲ್ಲಿ ಗೊಂಬೆಗೆ ಬ್ಯಾಂಡೇಜ್ ಕಟ್ಟಿದ್ದು ನಿಮ್ಮ ಮಗುವೇ ಎಂಬುದು ನಿಮಗೆ ಖಾತ್ರಿ ತಾನೆ?