ಬೈಲೂರಿನವರೆಗೆ ಬಂದ ಬಾಯಮ್ಮ

ಕಳೆದ ವಾರ ಕಾರ್ಕಳದಲ್ಲಿ ಉಡುಪಿಯ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಸೈಕಲ್ ಅಂಗಡಿಯಿಂದ ಪಂಕ್ಚರ್ ಹಾಕುವ ಸೊಲ್ಯೂಷನ್ನಿನ ವಾಸನೆ ಬಂತು. ಸ್ವಲ್ಪ ಕಟು, ಸ್ವಲ್ಪ ಸಿಹಿ... ನಲವತ್ತು ವರ್ಷ ದಾಟಿದರೂ ಆ ವಾಸನೆ ನನ್ನನ್ನು ನೇರವಾಗಿ ಉಡುಪಿಯ ಅಂಬಲಪಾಡಿಯ ಬಾಯಮ್ಮನ ಜಗಲಿಗೆ ಕರೆದುಕೊಂಡು ಹೋಗುತ್ತದೆ.

ಹೆರಿಗೆ ಮಾಡಿಸುವ ಸರಕಾರಿ ನರ್ಸನ್ನು ಆಗ ನಮ್ಮಲ್ಲಿ ಬಾಯಮ್ಮ ಎನ್ನುತ್ತಿದ್ದರು. ಇವರು ನಮ್ಮ ಪಕ್ಕದ ಮನೆಯವರು, ಒಂಟಿ ಜೀವ. ಇಪ್ಪತ್ತು ವರ್ಷ ಕಾಪು ಸುತ್ತಿನ ಹಳ್ಳಿಗಳನ್ನು ಸೈಕಲ್ಲಿನಲ್ಲೇ ತಿರುಗಿದ್ದರು. ಉಡುಪಿಗೆ ವರ್ಗವಾಗಿ, ಕುಳಿತು ಮಾಡುವ ಕೆಲಸ ಸಿಕ್ಕಿದ ಮೇಲೂ ಸೈಕಲ್ ಬಿಡಲಿಲ್ಲ. ದಿನವೂ ಬೆಳಿಗ್ಗೆ ಐದೂವರೆಗೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಯಾವ ಕೆಲಸವೂ ಇಲ್ಲದೆ, ಬರೀ ಖುಷಿಗೆ ಒಂದು ಸುತ್ತು ಹೊರಡುತ್ತಿದ್ದರು. ಎಪ್ಪತ್ತರ ದಶಕದ ಕೊನೆ ಅದು. ಐವತ್ತರ ಹೆಂಗಸಿಗೆ ಇದೆಂಥ ಹುಚ್ಚು ಎಂದು ಕೇರಿಯವರು ನಗುತ್ತಿದ್ದರು. ಅವರು ಬೆಲ್ ಬಾರಿಸಿ ಮುಂದೆ ಹೋಗುತ್ತಿದ್ದರು.

ನಾನು ಆಗ ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್. ಇಪ್ಪತ್ತೆರಡರ ಪ್ರಾಯ. ನನಗೂ ಕಲಿಸುತ್ತೀರಾ ಎಂದು ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ಕಲಿಸ್ತೇನೆ. ಆದರೆ ಎಬ್ಬಿಸ್ಲಿಕ್ಕೆ ನಾನು ಬರುವುದಿಲ್ಲ. ಐದೂವರೆಗೆ ಗೇಟಿನ ಹತ್ತಿರ ನೀನು ಕಾಣದಿದ್ದರೆ ನಾನು ಹೋದೆ," ಎಂದರು.

ಹಳೆಯ ಲೇಡೀಸ್ ಸೈಕಲ್ ಒಂದನ್ನು ಅವರೇ ಹುಡುಕಿಸಿ ಕೊಟ್ಟರು. ಮೊದಮೊದಲು ಕಾಪುವಿನ ದೀಪಸ್ತಂಭದವರೆಗೆ ಸಮತಟ್ಟಾದ ದಾರಿ. ಆಮೇಲೆ ಇಂದ್ರಾಳಿಯಿಂದ ಮಣಿಪಾಲದ ಏರು. ಮಳೆ ಜೋರಾದ ದಿನ ಜಗಲಿಯಲ್ಲಿ ಕೂರಿಸಿ ಟ್ಯೂಬಿಗೆ ತೇಪೆ ಹಾಕುವುದನ್ನು, ಚೈನಿಗೆ ಎಣ್ಣೆ ಬಿಡುವುದನ್ನು ಕಲಿಸುತ್ತಿದ್ದರು. "ಇದೂ ಅಭ್ಯಾಸವೇ ಮಾರಾಯ್ತಿ," ಎನ್ನುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಇಬ್ಬರೂ ಕಾರ್ಕಳಕ್ಕೆ ಹೋಗಿ ಬರುವುದೆಂದು ಮಾತಾಯಿತು. ಹಳ್ಳಿ ಹಳ್ಳಿ ತಿರುಗಿದವರಿಗೂ ಅಷ್ಟು ದೂರ ಅದೇ ಮೊದಲು. ಆ ಆಸೆ ಅವರದು. ನಾನು ಬರೀ ಜೊತೆಗೆ ಹೊರಟವಳು.

ಆದರೆ ಹಟ ಹಿಡಿದವಳು ನಾನೇ. ಹೋದ ದಿನಕ್ಕೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸುತ್ತು ಹಾಕುತ್ತಿದ್ದೆ. ಒಂದು ಸಲ ಜ್ವರ ಬಂದು ಎರಡು ದಿನ ತಪ್ಪಿತು. ಮೂರನೆಯ ದಿನ ಮೈ ಬಿಸಿ ಇದ್ದ ಹಾಗೆಯೇ ಎದ್ದು, ತಪ್ಪಿದ್ದನ್ನೂ ಸೇರಿಸಿ ಇಂದ್ರಾಳಿ ಏರನ್ನು ಮೂರು ಸಲ ಹತ್ತುತ್ತೇನೆಂದು ಹೊರಟೆ. ಬಾಯಮ್ಮ ನನ್ನ ಹಣೆ ಮುಟ್ಟಿ ನೋಡಿದರು. ಬಗ್ಗಿ, ನನ್ನ ಸೈಕಲ್ಲಿನ ಹಿಂದಿನ ಚಕ್ರದ ವಾಲ್ವ್ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಗಾಳಿ ಪುಸ್ಸೆಂದು ಹೋಯಿತು. ನನಗೆ ಅಳುವೇ ಬಂತು.

"ತಪ್ಪಿದ ದಿನ ತಪ್ಪಿತು. ಅದನ್ನು ಇವತ್ತಿನ ತಲೆ ಮೇಲೆ ಯಾಕೆ ಹೊರಿಸ್ತಿ? ನಾಡಿದ್ದು ಬಾ, ಕೊಡ್ತೇನೆ," ಎಂದು ಒಬ್ಬರೇ ಹೋದರು.

ನವರಾತ್ರಿ ಕಳೆದ ಒಂದು ಭಾನುವಾರ ಬೆಳಕು ಹರಿಯುವಾಗ ಕಾರ್ಕಳಕ್ಕೆ ಹೊರಟೆವು. ಪರ್ಕಳ, ಹಿರಿಯಡ್ಕ ದಾಟಿತು. ಮಾತಾಡುತ್ತಲೇ ತುಳಿಯುತ್ತಿದ್ದ ಬಾಯಮ್ಮ ಹಿರಿಯಡ್ಕದಿಂದ ಮುಂದೆ ಸುಮ್ಮನಾದರು. ಬೈಲೂರಿನಲ್ಲಿ ಒಂದು ಹೋಟೆಲಿನ ಎದುರು ಇಳಿದು ಬೆಂಚಿನ ಮೇಲೆ ಕುಳಿತುಬಿಟ್ಟರು. ಮುಖದ ತುಂಬ ಬೆವರು.

"ಇವತ್ತಿಗೆ ನನ್ನದು ಇಷ್ಟೇ. ನೀನು ಹೋಗಿ ಬಾ."

"ನಿಮ್ಮನ್ನು ಬಿಟ್ಟು ಹೇಗೆ ಹೋಗುವುದು? ಎಂತ ಆಗ್ತಾ ಉಂಟು?"

"ಎಂತ ಇಲ್ಲ, ಪಿತ್ತ. ನರ್ಸಿಗೇ ರೋಗ ಹೇಳಿಕೊಡಬೇಡ. ಹೋಗು, ಬಿಸಿಲು ಏರ್ತದೆ."

ನಾನು ಹೋದೆ. ಕಾರ್ಕಳದ ಆನೆಕೆರೆಯ ದಂಡೆಯಲ್ಲಿ ಸೈಕಲ್ ನಿಲ್ಲಿಸಿ ಮುಖ ತೊಳೆದುಕೊಂಡೆ. ಮುಟ್ಟಿದೆನಲ್ಲ ಎಂಬ ಸಂತೋಷ ಒಂದೇ ನಿಮಿಷ ಇತ್ತು, ಆಮೇಲೆ ಹೆದರಿಕೆ. ತಿರುಗಿ ಬೈಲೂರಿಗೆ ಬಂದಾಗ ಅವರು ಅದೇ ಬೆಂಚಿನಲ್ಲಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಎರಡೂ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಹಾಕಿಸಿ ಉಡುಪಿಗೆ ಬಂದೆವು. ಬಿಟ್ಟು ಹೋದೆನಲ್ಲ ಎಂದು ನನಗೆ ನಾಚಿಕೆ. ಅವರಿಗೆ ಅದರ ಬೇಸರವೇನೂ ಇರಲಿಲ್ಲ. ದಾರಿಯುದ್ದಕ್ಕೂ ಆನೆಕೆರೆಯಲ್ಲಿ ನೀರು ಎಷ್ಟಿತ್ತು, ಬೆಟ್ಟದ ಮೇಲಿನ ಗೊಮ್ಮಟ ಎಲ್ಲಿಂದ ಕಂಡ ಎಂದು ಕೇಳುತ್ತಲೇ ಇದ್ದರು.

ಅದು ಪಿತ್ತವಲ್ಲ, ಹೃದಯದ ತೊಂದರೆ ಎಂದು ಡಾಕ್ಟರು ಹೇಳಿದರು. ಅಲ್ಲಿಂದ ಮುಂದೆ ಅವರ ದಾರಿ ವರ್ಷ ವರ್ಷವೂ ಗಿಡ್ಡವಾಯಿತು. ಮೊದಲು ಕಾಪು ಬಿಟ್ಟರು, ಆಮೇಲೆ ಉದ್ಯಾವರದ ಸೇತುವೆ. ಐದೂವರೆ ಮಾತ್ರ ಬಿಡಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ನಾನು ಕಾರ್ಕಳದ ಹತ್ತಿರದ ಅಜೆಕಾರಿಗೆ ಬಂದೆ. ಮಗುವನ್ನು ಎತ್ತಿಕೊಂಡು ತವರಿಗೆ ಹೋದಾಗ ಒಂದು ಬೆಳಿಗ್ಗೆ ಗೇಟಿನ ಸದ್ದಾಯಿತು. ಬಾಯಮ್ಮ ಸೈಕಲ್ಲನ್ನು ತಳ್ಳಿಕೊಂಡು, ಹ್ಯಾಂಡಲಿನ ಆಧಾರದಲ್ಲಿ, ದೇವಸ್ಥಾನದ ತಿರುವಿನವರೆಗೆ ನಡೆದು ಹೋಗುತ್ತಿದ್ದರು. ನಾನು ಜೊತೆಗೆ ಹೆಜ್ಜೆ ಹಾಕಿದೆ.

"ಹತ್ತಲಿಕ್ಕೆ ಆಗುವುದಿಲ್ಲ ಮಾರಾಯ್ತಿ," ಎಂದರು ಏದುಸಿರಿನ ನಡುವೆ. "ಹೊರಡ್ಲಿಕ್ಕೆ ಆಗ್ತದೆ."

ಮುಂದಿನ ಮಳೆಗಾಲದಲ್ಲಿ ಅವರು ಹೋದರು. ಮಗುವಿಗೆ ಹುಷಾರಿಲ್ಲದೆ ಆ ತಿಂಗಳೆಲ್ಲ ನನಗೆ ಉಡುಪಿಗೆ ಹೋಗಲಾಗಿರಲಿಲ್ಲ. ಅಮ್ಮನ ಕಾಗದ ಬರುವಾಗ ಎಲ್ಲ ಮುಗಿದು ವಾರವಾಗಿತ್ತು...

ಅವರಿಗೆ ಅಂದು ಇದ್ದ ಪ್ರಾಯವನ್ನು ನಾನು ಎಂದೋ ದಾಟಿದ್ದೇನೆ. ಕಳೆದ ವಾರವೂ ಬಸ್ಸು ಬೈಲೂರಿನಲ್ಲಿ ನಿಂತಿತು. ಹೊರಗೆ ನೋಡಿದೆ. ಆ ಹೋಟೆಲ್ ಎಲ್ಲಿತ್ತೆಂದು ಗುರುತು ಸಿಗಲಿಲ್ಲ. ಅವರನ್ನು ಬಿಟ್ಟು ನಾನು ಮುಂದೆ ಹೋದದ್ದು ಸರಿಯೋ ತಪ್ಪೋ ಎಂದು ಒಮ್ಮೆ ಅವರನ್ನೇ ಕೇಳಬೇಕೆಂದಿದ್ದೆ. ಕೇಳಲಿಲ್ಲ.